ಹೊಗೆ ಹೋದದ್ದೆಲ್ಲಿಗೆ?

ಮಾನ್ಯರೇ,

ನಿಮ್ಮ ನಾಲ್ಕು ಪುಟಗಳ ಪತ್ರ ಕೈಸೇರಿತು. ಎರಡು ಸಲ ಓದಿದೆ. ಮೊದಲ ಸಲ ಸಿಟ್ಟಿನಿಂದ, ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು.

ಗಾಳಿ, ಬಿಸಿಲುಗಳಿಂದ ವಿದ್ಯುತ್ ತೆಗೆಯುವ ಹೊಸ ತಂತ್ರಗಳು ಶ್ರೀಮಂತ ದೇಶಗಳ ಪರಿಸರ ಹಾನಿಯನ್ನು ತಗ್ಗಿಸಿವೆ ಎಂದು ನಮ್ಮ ಕಳೆದ ಸಂಚಿಕೆಯ ಲೇಖನ ಹೇಳಿತ್ತು. ಅದಕ್ಕೆ ನೀವು ಕೊಟ್ಟ ಪೆಟ್ಟು ಒಂದೇ ಸಾಲಿನದು: "ಅವರು ಹೊಗೆ ನಿಲ್ಲಿಸಿಲ್ಲ, ಚಿಮಣಿಯನ್ನು ಪರದೇಶಕ್ಕೆ ಸಾಗಿಸಿದ್ದಾರೆ." ಪತ್ರದ ಕೊನೆಯಲ್ಲಿ, ಆಯುಸ್ಸು ಮುಗಿದ ಗಾಳಿಯಂತ್ರಗಳ ರೆಕ್ಕೆಗಳನ್ನು ಏನು ಮಾಡುತ್ತಾರೆ ಎಂದೂ ಕೇಳಿದ್ದೀರಿ.

ಮೊದಲು ತಪ್ಪೊಪ್ಪಿಗೆ. ಚಿತ್ರದ ಕೆಳಗೆ "ಹಾನಿಯಿಲ್ಲದ ವಿದ್ಯುತ್" ಎಂದು ಅಡಿಬರಹ ಹಾಕಿದವನು ಲೇಖಕನಲ್ಲ, ನಾನು. ಇದ್ದದ್ದು ಎರಡು ಪದಗಳ ಜಾಗ, ತುಂಬಿಸಿಬಿಟ್ಟೆ. ಅಂಥ ವಿದ್ಯುತ್ ಎಲ್ಲಿಯೂ ಇಲ್ಲ. ನಿಮ್ಮ ಅರ್ಧ ಪತ್ರ ಆ ಎರಡು ಪದಗಳ ಮೇಲೇ ಇದೆ, ಅಷ್ಟಕ್ಕೂ ನಾನು ಹೊಣೆ.

ಆದರೆ ಚಿಮಣಿಯ ಮಾತನ್ನು ಹಾಗೇ ಒಪ್ಪಲಾರೆ. ಬ್ರಿಟನ್ನನ್ನೇ ನೋಡಿ. 1882ರಲ್ಲಿ ಲಂಡನ್ನಿನ ಹಾಲ್ಬರ್ನ್ ವಯಡಕ್ಟ್‌ನಲ್ಲಿ ಕಲ್ಲಿದ್ದಲು ಸುಟ್ಟು ಜನಕ್ಕೆ ವಿದ್ಯುತ್ ಕೊಡಲು ಶುರುಮಾಡಿದ ದೇಶ ಅದು. 2012ರಲ್ಲೂ ಅಲ್ಲಿನ ವಿದ್ಯುತ್ತಿನ ಸುಮಾರು ಶೇ 40 ಕಲ್ಲಿದ್ದಲಿನದೇ. 2024ರ ಸೆಪ್ಟೆಂಬರ್ 30ರಂದು ರಾಟ್‌ಕ್ಲಿಫ್-ಆನ್-ಸೋರ್ ಸ್ಥಾವರ ನಿಂತಿತು, ಅದರೊಂದಿಗೆ ಕಲ್ಲಿದ್ದಲು ವಿದ್ಯುತ್ತಿನ ಕಥೆಯೂ ಮುಗಿಯಿತು. ಈ ಹೊಗೆಯನ್ನು ಯಾರೂ ಹಡಗಿಗೆ ಹೇರಿ ಕಳಿಸಲಿಲ್ಲ. ಬಟ್ಟೆಯನ್ನೋ ಉಕ್ಕನ್ನೋ ಹೊರಗೆ ಮಾಡಿಸಿ ತರಿಸಿಕೊಳ್ಳಬಹುದು, ವಿದ್ಯುತ್ತನ್ನು ಹಾಗೆ ತರಿಸುವುದು ಸುಲಭವಲ್ಲ. ಸಮುದ್ರದಡಿಯ ಕೇಬಲ್ಲುಗಳಲ್ಲಿ ಒಂದಿಷ್ಟು ಬರುತ್ತದೆ ನಿಜ. ಅದರಲ್ಲಿ ಬಹುಪಾಲು ಫ್ರಾನ್ಸಿನ ಅಣುವಿದ್ಯುತ್ತು, ನಾರ್ವೆಯ ಜಲವಿದ್ಯುತ್ತು. ಇಂಗಾಲದ ಡೈಆಕ್ಸೈಡಿನ ಜೊತೆಗೆ ಆ ಸ್ಥಾವರಗಳ ಗಂಧಕದ ಹೊಗೆ, ಬೂದಿ, ಪಾದರಸ ಎಲ್ಲವೂ ನಿಂತವು.

ನಮ್ಮ ಲೇಖನ ಎಡವಿದ್ದು ಬೇರೆ ಕಡೆ, ನೀವು ಅದನ್ನು ಹಿಡಿಯಲೇ ಇಲ್ಲ. ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಯಿತು ಅನ್ನುತ್ತೇವಲ್ಲ, ಇಂಧನದ ವಿಷಯದಲ್ಲಿ ಹಾಗಾಗುವುದಿಲ್ಲ. ಹೊಸದು ಬಂದು ಹಳೆಯದರ ಪಕ್ಕದಲ್ಲೇ ಹರಿಯುತ್ತದೆ. ಬ್ರಿಟನ್ನಿನಲ್ಲಿ ಹಳೆಯದನ್ನು ಕೈಯಾರೆ ಮುಚ್ಚಬೇಕಾಯಿತು. ಗಂಧಕದ ಹೊಗೆಯ ಮೇಲಿನ ಯುರೋಪಿನ ಮಿತಿಗಳು ಹಳೆಯ ಸ್ಥಾವರಗಳ ಕುತ್ತಿಗೆ ಹಿಡಿದವು. 2013ರಿಂದ ಸ್ಥಾವರಗಳು ಹೊರಬಿಡುವ ಇಂಗಾಲಕ್ಕೆ ಕನಿಷ್ಠ ಬೆಲೆ ಕಟ್ಟಿ, ಕಲ್ಲಿದ್ದಲು ಸುಡುವುದೇ ನಷ್ಟದ ಬಾಬತ್ತು ಆಗುವಂತೆ ಮಾಡಿದರು. ಬಿಟ್ಟ ಜಾಗದಲ್ಲಿ ಗಾಳಿಯಷ್ಟೇ ಅಲ್ಲ, ಅನಿಲವೂ ಬಂದು ಕೂತಿತು. ಇನ್ನೊಂದು, 2005ರ ನಂತರ ಅಲ್ಲಿ ವಿದ್ಯುತ್ತಿನ ಬೇಡಿಕೆಯೇ ಇಳಿಯುತ್ತ ಬಂದಿತ್ತು. ಬೇಡಿಕೆ ಏರುತ್ತಿದ್ದರೆ ಅಷ್ಟೂ ಗಾಳಿಯಂತ್ರಗಳು ಆ ಏರಿಕೆಯನ್ನು ತುಂಬಿಸುವುದರಲ್ಲೇ ಸುಸ್ತಾಗುತ್ತಿದ್ದವು.

ಜರ್ಮನಿಯಲ್ಲಿ ಇದೇ ಮಾತು ತಿರುಗುಮುರುಗಾಗಿ ಕಾಣುತ್ತದೆ. 2000ದ ಕಾಯ್ದೆಯಿಂದ ಸೌರಫಲಕಗಳ ವಿದ್ಯುತ್ತಿಗೆ ಖಾತರಿ ಬೆಲೆ ಕೊಟ್ಟು, ಇಡೀ ಜಗತ್ತಿಗೇ ಆ ಫಲಕಗಳು ಅಗ್ಗವಾಗುವಂತೆ ಮಾಡಿದ ದೇಶ ಅದು. 2023ರಲ್ಲಿ ಅಲ್ಲಿನ ವಿದ್ಯುತ್ ಬಳಕೆಯಲ್ಲಿ ನವೀಕರಿಸಬಹುದಾದ ಮೂಲಗಳ ಪಾಲು ಅರ್ಧ ದಾಟಿತು. ಅದೇ ವರ್ಷದ ಜನವರಿಯಲ್ಲಿ ಲ್ಯುಟ್ಸೆರಾಟ್ ಎಂಬ ಪುಟ್ಟ ಹಳ್ಳಿಯಿಂದ ಪ್ರತಿಭಟನಕಾರರನ್ನು ಪೊಲೀಸರು ಎತ್ತಿ ಹೊರಹಾಕಿದರು. ನೆಲದಡಿಯ ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲು ಬೇಕಿತ್ತು. ಏಪ್ರಿಲ್‌ನಲ್ಲಿ ಕೊನೆಯ ಮೂರು ಅಣುಸ್ಥಾವರಗಳನ್ನು ಮುಚ್ಚಿದರು. ಹೊಸ ವಿದ್ಯುತ್ತಿಗೆ ಮೊದಲು ಜಾಗ ಬಿಡಬೇಕಾದ್ದು ಲಿಗ್ನೈಟ್, ಅಣುವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಬೇರೆ ಪತ್ರಗಳು ಬರಲಿವೆ ಎಂದು ಗೊತ್ತಿದೆ, ಬರಲಿ.

ಈಗ ನಿಮ್ಮ ಚಿಮಣಿಗೆ ಬರುತ್ತೇನೆ. ಸೌರಫಲಕ ತಯಾರಿಕೆಯ ಪ್ರತಿಯೊಂದು ಹಂತದಲ್ಲೂ ಚೀನಾದ ಪಾಲು ಶೇ 80ಕ್ಕಿಂತ ಹೆಚ್ಚು, ಅಲ್ಲಿನ ಕುಲುಮೆಗಳಿಗೆ ಹೆಚ್ಚಾಗಿ ಕಲ್ಲಿದ್ದಲಿನ ವಿದ್ಯುತ್ತೇ ಗತಿ. ಯುರೋಪಿನ ಮಾಳಿಗೆಯ ಮೇಲಿನ ಫಲಕಕ್ಕೂ ಹೊಗೆ ಮೆತ್ತಿಕೊಂಡಿದೆ ಎಂಬ ನಿಮ್ಮ ಮಾತು ಸರಿ. ಎಷ್ಟು ಮೆತ್ತಿಕೊಂಡಿದೆ ಎಂಬುದು ಪ್ರಶ್ನೆ. ಅದನ್ನು ತಿಳಿಯಲು ಗರಗಸದ ಕಥೆ ಕೇಳಬೇಕು.

ಶುದ್ಧ ಸಿಲಿಕಾನಿನ ಗಟ್ಟಿಯನ್ನು ಕಾಗದದಷ್ಟು ತೆಳ್ಳಗಿನ ಬಿಲ್ಲೆಗಳಾಗಿ ಸೀಳಬೇಕು. ಮೊದಲು ಉಕ್ಕಿನ ತಂತಿಯನ್ನು ಎಳೆಯುತ್ತ, ಅದರ ಮೇಲೆ ಎಣ್ಣೆಯಂಥ ದ್ರವದಲ್ಲಿ ಕಲಸಿದ ಸಿಲಿಕಾನ್ ಕಾರ್ಬೈಡ್ ಪುಡಿಯನ್ನು ಸುರಿಯುತ್ತಿದ್ದರು. ಆ ಕೆಸರು ಉಜ್ಜಿ ಉಜ್ಜಿ ದಾರಿ ಮಾಡಬೇಕು. ಬಿಲ್ಲೆ ಎಷ್ಟು ದಪ್ಪವೋ ಹತ್ತಿರಹತ್ತಿರ ಅಷ್ಟೇ ಸಿಲಿಕಾನ್ ಪುಡಿಯಾಗಿ ಕೆಸರಿನಲ್ಲಿ ಸೇರಿಹೋಗುತ್ತಿತ್ತು. ಭಾರೀ ವಿದ್ಯುತ್ ಸುಟ್ಟು ಶುದ್ಧ ಮಾಡಿದ ಮಾಲು ಅದು, ಅರ್ಧಕ್ಕರ್ಧ ಹೊಟ್ಟು! ಆಮೇಲೆ ವಜ್ರದ ಕಣಗಳನ್ನು ತಂತಿಗೇ ಅಂಟಿಸಿದರು. ತಂತಿ ಸಣ್ಣದಾಯಿತು, ಕೊಯ್ತ ಬೇಗವಾಯಿತು, ಎಣ್ಣೆಗೆಸರಿನ ಬದಲು ನೀರು ಸಾಕಾಯಿತು. ಬಿಲ್ಲೆಯೂ ತೆಳ್ಳಗಾಯಿತು, ಅದೇ ಬಿಲ್ಲೆ ಕೊಡುವ ವಿದ್ಯುತ್ತೂ ಹೆಚ್ಚಿತು. ಇಪ್ಪತ್ತು ವರ್ಷದ ಹಿಂದೆ ಒಂದು ವ್ಯಾಟ್‌ಗೆ ಸುಮಾರು 16 ಗ್ರಾಂ ಸಿಲಿಕಾನ್ ಬೇಕಿದ್ದಲ್ಲಿ ಈಗ 3 ಗ್ರಾಂ ಕೂಡ ಬೇಡ. ಹಾಗಾಗಿ ಫಲಕವೊಂದು ತನ್ನ ತಯಾರಿಕೆಗೆ ತಗಲಿದ ಶಕ್ತಿಯನ್ನು ಒಂದೆರಡು ವರ್ಷದಲ್ಲಿ ತೀರಿಸಿ, ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿಯುತ್ತದೆ. ಚಿಮಣಿ ಪರದೇಶಕ್ಕೆ ಹೋಗಿದೆ, ಒಪ್ಪಿದೆ. ಹೋದ ಚಿಮಣಿ ಇಲ್ಲಿ ಬಿದ್ದ ಚಿಮಣಿಗಿಂತ ತುಂಬ ಗಿಡ್ಡ.

(ಈ ತಂತಿಗಾಗಿ ಯಾರೂ ರಿಬ್ಬನ್ ಕತ್ತರಿಸಿದ ಸುದ್ದಿ ನನ್ನ ಮೇಜಿಗೆ ಬಂದಿಲ್ಲ. ಹೊಸತನವನ್ನು ಅಳೆಯಲು ಹೊರಟವರು ಸಾಮಾನ್ಯವಾಗಿ ಪೇಟೆಂಟುಗಳನ್ನು ಎಣಿಸುತ್ತಾರೆ. ಆ ಎಣಿಕೆಯಲ್ಲಿ ಪೆಟ್ಟಿಗೆಯಲ್ಲಿ ಕೊಳೆಯುವ ಪೇಟೆಂಟೂ ಒಂದು, ಈ ತಂತಿಯೂ ಒಂದು.)

ನಿಜವಾಗಿ ಗಡಿ ದಾಟಿದ ದೊಡ್ಡ ಚಿಮಣಿಗಳು ಉಕ್ಕು, ಸಿಮೆಂಟು, ಬಟ್ಟೆ, ಎಲೆಕ್ಟ್ರಾನಿಕ್ ಸಾಮಾನುಗಳವು. ಅವನ್ನು ಸಾಗಿಸಿದ್ದು ಗಾಳಿಯಂತ್ರವಲ್ಲ, ವ್ಯಾಪಾರ. ಬ್ರಿಟನ್ನಿನ ನೆಲದ ಮೇಲೆ ಎದ್ದ ಹೊಗೆಯನ್ನು ಎಣಿಸಿದರೆ ಒಂದು ಮೊತ್ತ. ಬ್ರಿಟನ್ನಿನ ಜನ ಕೊಂಡು ಬಳಸಿದ್ದರ ಹಿಂದಿನ ಹೊಗೆಯನ್ನು ಎಣಿಸಿದರೆ ಅದಕ್ಕಿಂತ ಸಾಕಷ್ಟು ದೊಡ್ಡ ಮೊತ್ತ. ಸರ್ಕಾರಗಳು ಹೆಮ್ಮೆಯಿಂದ ಓದುವುದು ಮೊದಲನೆಯದನ್ನು. ಯುರೋಪ್ ಒಕ್ಕೂಟ ಆಮದಿನ ಇಂಗಾಲಕ್ಕೂ ಗಡಿಯಲ್ಲಿ ಲೆಕ್ಕ ಕೇಳುವ ಪದ್ಧತಿಯನ್ನು 2023ರ ಅಕ್ಟೋಬರಿನಲ್ಲಿ ಆರಂಭಿಸಿತು. ಮೊದಲ ಪಟ್ಟಿಯಲ್ಲಿ ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ಗೊಬ್ಬರ ಇವೆ. ಫೋನೂ ಇಲ್ಲ, ಅಂಗಿಯೂ ಇಲ್ಲ.

ಲೆಕ್ಕದ ಪುಸ್ತಕ ಎಷ್ಟು ಚಮತ್ಕಾರ ಮಾಡಬಲ್ಲದು ಎಂಬುದಕ್ಕೆ ಯಾರ್ಕ್‌ಶೈರಿನ ಡ್ರ್ಯಾಕ್ಸ್ ಸ್ಥಾವರ ಸಾಕು. ಕಲ್ಲಿದ್ದಲು ಬಿಟ್ಟು ಮರದ ಉಂಡೆ ಸುಡುತ್ತದೆ. ಉಂಡೆಗಳಲ್ಲಿ ಹೆಚ್ಚಿನವು ಅಟ್ಲಾಂಟಿಕ್ ದಾಟಿ ಬರುತ್ತವೆ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಆ ಇಂಗಾಲ ದಾಖಲಾಗುವುದು ಮರ ಕಡಿದ ದೇಶದ ಅರಣ್ಯದ ಖಾತೆಯಲ್ಲಿ, ಸುಟ್ಟಲ್ಲಿ ಸೊನ್ನೆ. ಕಣ್ಣಿಗೆ ಕಾಣುವ ಚಿಮಣಿ, ಕಾಗದದಲ್ಲಿಲ್ಲ. ನೀವು ನಿಮ್ಮ ಸಾಲನ್ನು ಗಾಳಿಯಂತ್ರಕ್ಕೆ ಹೊಡೆಯುವ ಬದಲು ಇದಕ್ಕೆ ಹೊಡೆದಿದ್ದರೆ ನಾನು ಈ ಉತ್ತರವನ್ನೇ ಬರೆಯುತ್ತಿರಲಿಲ್ಲ.

ಹಾನಿ ಎಂದರೆ ಇಂಗಾಲವೊಂದೇ ಅಲ್ಲ ಎಂಬ ನಿಮ್ಮ ಮೂರನೇ ಪುಟಕ್ಕೆ ನನ್ನ ತಕರಾರಿಲ್ಲ. ಸಮುದ್ರದ ಗಾಳಿಯಂತ್ರಗಳ ಆಯಸ್ಕಾಂತಕ್ಕೆ ಬೇಕಾದ ನಿಯೊಡೈಮಿಯಂ ಎಂಬ ಲೋಹದ ಅದಿರನ್ನು ಚೀನಾದ ಇನ್ನರ್ ಮಂಗೋಲಿಯಾದ ಬಯಾನ್ ಓಬೋದಲ್ಲಿ ತೋಡುತ್ತಾರೆ, ಅದರ ಕೊಳೆ ಬಾವ್‌ಟೌ ಬಳಿಯ ದೊಡ್ಡ ಕೆರೆಯಂಥ ಹೊಂಡದಲ್ಲಿ ನಿಂತಿದೆ. ಹಾನಿ ಮನೆಯೊಳಗೂ ಆಗುತ್ತದೆ. ನಾರ್ವೆಯ ಫೋಸೆನ್‌ನಲ್ಲಿ 151 ಗಾಳಿಯಂತ್ರಗಳು ಎದ್ದ ಮೇಲೆ, ಅವು ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಹಿಮಸಾರಂಗ ಮೇಯಿಸುವ ಹಕ್ಕನ್ನು ಕಸಿದಿವೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ಒಮ್ಮತದಿಂದ ತೀರ್ಪು ಕೊಟ್ಟಿತು. ತೀರ್ಪಿನ ನಂತರವೂ ಯಂತ್ರಗಳು ತಿರುಗುತ್ತಲೇ ಇದ್ದವು.

ಇನ್ನು ರೆಕ್ಕೆಗಳು. ಕಂಬದ ಉಕ್ಕು, ತಾಮ್ರ ಗುಜರಿಗೆ ಹೋಗುತ್ತವೆ, ಅದು ಸುಲಭ. ರೆಕ್ಕೆ ಗಾಜಿನ ನಾರು ಮತ್ತು ರಾಳ ಬೆಸೆದುಕೊಂಡ ವಸ್ತು. ಒಮ್ಮೆ ಗಟ್ಟಿಯಾದರೆ ಕರಗದು. ಅಮೆರಿಕದ ವಯೋಮಿಂಗ್‌ನ ಕ್ಯಾಸ್ಪರ್‌ನಲ್ಲಿ ಅವನ್ನು ತುಂಡು ಮಾಡಿ ಸಾಲಾಗಿ ಹೂಳಿದ್ದಾರೆ. ಜರ್ಮನಿಯಲ್ಲಿ ಹೂಳುವಂತಿಲ್ಲ, ಪುಡಿಮಾಡಿ ಸಿಮೆಂಟ್ ಗೂಡಿಗೆ ಹಾಕುತ್ತಾರೆ. ಸೌಮ್ಯ ಆಮ್ಲದಲ್ಲಿ ನಾರಿನಿಂದ ಬಿಟ್ಟುಕೊಳ್ಳುವ ರಾಳದ ರೆಕ್ಕೆಗಳು ಈಗ ಬಂದಿವೆ, 2022ರಲ್ಲಿ ಜರ್ಮನಿಯ ಕಡಲಿನ ಕಾಸ್ಕಾಸಿ ತಾಣದ ಕೆಲವು ಯಂತ್ರಗಳಿಗೆ ಅವನ್ನು ಕೂಡಿಸಿದರು. ಅವು ಕೆಳಗಿಳಿಯುವುದು 2050ರ ಆಸುಪಾಸು. ರಾಳ ಹೇಳಿದಂತೆ ಬಿಟ್ಟುಕೊಂಡಿತೇ ಎಂದು ಕೇಳಿ ಆಗ ಇನ್ನೊಂದು ಪತ್ರ ಬರೆಯಿರಿ. ಈ ಕುರ್ಚಿಯಲ್ಲಿ ಯಾರಿರುತ್ತಾರೋ ಅವರು ಉತ್ತರಿಸಲಿ. ಅಡಿಬರಹ ಬರೆಯುವಾಗ ಹುಷಾರಾಗಿರಿ ಎಂದು ಅವರಿಗೊಂದು ಚೀಟಿ ಇಟ್ಟು ಹೋಗುತ್ತೇನೆ.

— ಸಂಪಾದಕ