ನಕ್ಷೆಯಲ್ಲಿ ಸಿಗ್ನಲ್ ಇದೆ, ಮನೆಯಲ್ಲಿ ಇಲ್ಲ

“ಡಿಜಿಟಲ್ ಟಿವಿ ಸರಿಯಾಗಿ ಬರುವುದಿಲ್ಲವೆಂದು ಗೊಣಗುವವರಿಗೆ ಒಳ್ಳೆಯ ಆಂಟೆನಾ ಹಾಕಿಸಲು ಸೋಮಾರಿತನ, ಅಷ್ಟೆ. ಹಳೆಯ ಅನಲಾಗ್ ಪ್ರಸಾರ ನಿಲ್ಲಿಸುವುದು ತಡವಾಗುವುದೇ ಇಂಥವರಿಂದ. ನಕ್ಷೆಯಲ್ಲಿ ಎಲ್ಲ ಕಡೆ ಸಿಗ್ನಲ್ ಇದೆಯಲ್ಲ. ಹಳೆಯದನ್ನು ನಿಲ್ಲಿಸಿದರೆ ಹೊಸದು ಸುಧಾರಿಸುತ್ತದೆ. ನೀವು ಅವರ ಪರ ವಹಿಸಬಾರದು” ಎಂದು ಓದುಗರೊಬ್ಬರು ಖಾರವಾಗಿ ಬರೆದಿದ್ದಾರೆ. ಪತ್ರದ ಕೊನೆಯಲ್ಲಿ ಮಾತ್ರ ದನಿ ತಗ್ಗಿಸಿ, ತಮ್ಮ ಅತ್ತೆಯ ಮನೆಯಲ್ಲಿ ಮೂರು ಚಾನೆಲ್ ಮಾಯವಾಗಿವೆ, ಸಿಗ್ನಲ್ ಹಿಗ್ಗಿಸುವ ಬೂಸ್ಟರ್ ಹಾಕಿಸಿದರೆ ಬಂದೀತೇ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಇಬ್ಬರು ಸೇರಿ ಬರೆದಂತಿದೆ ಸ್ವಾಮಿ. ನನಗೆ ಹಿಡಿಸಿದವರು ಕೊನೆಯ ಸಾಲು ಬರೆದವರು.

ಡಿಜಿಟಲ್‌ನ ಗುಣಗಳನ್ನು ಒಪ್ಪೋಣ. ಒಂದು ಅನಲಾಗ್ ಚಾನೆಲ್ ಹಿಡಿಯುತ್ತಿದ್ದ ಜಾಗದಲ್ಲಿ ನಾಲ್ಕಾರು ಚಾನೆಲ್ ಹಿಡಿಸುತ್ತವೆ, ಚಿತ್ರ ನಿಚ್ಚಳ, ಉಳಿದ ತರಂಗಾಂತರ ಮೊಬೈಲ್ ಸೇವೆಗೆ ಒದಗುತ್ತದೆ. ಆಯಿತು, ಮುಂದಕ್ಕೆ ಹೋಗೋಣ.

ಅನಲಾಗ್ ಸಿಗ್ನಲ್ ಕುಗ್ಗಿದರೆ ಪರದೆ ತುಂಬ ಚುಕ್ಕೆ ಉದುರುತ್ತಿದ್ದವು. ಆದರೂ ವಾರ್ತೆ ಓದುವವರ ಗುರುತು ಸಿಗುತ್ತಿತ್ತು, ದನಿ ಕೇಳುತ್ತಿತ್ತು. ಡಿಜಿಟಲ್‌ಗೆ ಆ ದಾಕ್ಷಿಣ್ಯವಿಲ್ಲ. ಅಮೆರಿಕದ ಎಟಿಎಸ್‌ಸಿ ಎಂಬ ಡಿಜಿಟಲ್ ಟಿವಿ ಪದ್ಧತಿಯಲ್ಲಿ ಸಿಗ್ನಲ್ಲು ಗದ್ದಲಕ್ಕಿಂತ, ಅಂದರೆ ಅದರ ಜೊತೆ ಸೇರುವ ಬೇಡದ ಅಲೆಗಳಿಗಿಂತ, ಸುಮಾರು 15 ಡೆಸಿಬೆಲ್ ಮೇಲಿರಬೇಕು. 17 ಇದ್ದರೆ ಸೊಗಸಾದ ಚಿತ್ರ, 14ಕ್ಕೆ ಇಳಿದರೆ ಕಪ್ಪು ಪರದೆ. ಆ ಅಂಚಿನಲ್ಲಿ ಸಿಕ್ಕಿಬಿದ್ದ ಮನೆಯ ಪಾಡು ನೋಡಬೇಕು. ದನಿ ಕತ್ತರಿಸುತ್ತದೆ, ಗಲ್ಲ ಒಂದು ಕಡೆ, ಮೂಗು ಇನ್ನೊಂದು ಕಡೆಯಾಗಿ ಮುಖ ಚೌಕ ಚೌಕವಾಗಿ ಒಡೆಯುತ್ತದೆ, ತೆರೆದ ಬಾಯಿ ತೆರೆದಂತೆಯೇ ನಿಲ್ಲುತ್ತದೆ. ಆಮೇಲೆ ‘ಸಿಗ್ನಲ್ ಇಲ್ಲ’ ಎಂಬ ಎರಡೇ ಪದ. ಒಳಾಂಗಣ ಆಂಟೆನಾ ಆದರೆ ಯಾರೋ ಎದ್ದು ಅಡ್ಡ ಹಾಯ್ದರೂ ಸಾಕು.

‘ನಕ್ಷೆಯಲ್ಲಿ ಎಲ್ಲ ಕಡೆ ಸಿಗ್ನಲ್ ಇದೆಯಲ್ಲ’ ಎಂದು ಬರೆದಿದ್ದೀರಿ. ಆ ನಕ್ಷೆ ಹುಟ್ಟುವುದು ಹೇಗೆ ನೋಡಿ. ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿಯ ಲೆಕ್ಕದಲ್ಲಿ ಆಂಟೆನಾ ಮನೆಯ ಹೊರಗೆ, ನೆಲದಿಂದ 30 ಅಡಿ ಎತ್ತರದಲ್ಲಿ ಇರುತ್ತದೆ. 50 ಪ್ರತಿಶತ ಜಾಗಗಳಲ್ಲಿ 90 ಪ್ರತಿಶತ ಹೊತ್ತು ಬಂದರೆ ಸಾಕು. ಅಂದರೆ ನಕ್ಷೆಯ ಗೆರೆಯ ಅಂಚಿನಲ್ಲಿ ಅರ್ಧ ಮನೆಗಳಿಗೆ ಬರದಿದ್ದರೂ ಕಾಗದದ ಮೇಲೆ ಅಲ್ಲಿ ಪ್ರಸಾರ ಇದೆ! ಕಿಟಕಿಯ ಬಳಿ ಆಂಟೆನಾ ಒರಗಿಸಿಟ್ಟ ಬಾಡಿಗೆದಾರರು ಈ ಲೆಕ್ಕದಲ್ಲೇ ಇಲ್ಲ. ಮಾಲೀಕರು ಮಾಳಿಗೆ ಹತ್ತಲು ಬಿಡದಿದ್ದರೆ ಅದೂ ಸೋಮಾರಿತನವೇ?

ಅಮೆರಿಕದ ಉತ್ತರ ಕ್ಯಾರೊಲಿನಾದ ವಿಲ್ಮಿಂಗ್ಟನ್‌ನಲ್ಲಿ 2008ರ ಸೆಪ್ಟೆಂಬರ್ 8ರಂದು ಪ್ರಯೋಗಕ್ಕೆಂದು ಅನಲಾಗ್ ನಿಲ್ಲಿಸಿದರು. ಅಲ್ಲಿ 6ನೇ ಚಾನೆಲ್ಲಿನ ಅನಲಾಗ್ ಪ್ರಸಾರ ಬಹುದೂರ ಮುಟ್ಟುತ್ತಿತ್ತು, ಅದರ ಡಿಜಿಟಲ್ ಪ್ರಸಾರ ಅಷ್ಟು ದೂರ ಹೋಗಲಿಲ್ಲ. ಅಂಚಿನವರು ಹಳೆಯ ಟಿವಿಯಲ್ಲಿ ಡಿಜಿಟಲ್ ತೋರಿಸುವ ಬಾಕ್ಸ್ ಕೊಂಡರೂ ಚಾನೆಲ್ ಕಳೆದುಕೊಂಡರು. ಮುಂದೆ 2009ರ ಜೂನ್ 12ರಂದು ದೇಶವೆಲ್ಲ ಬದಲಾದಾಗ ಫಿಲಡೆಲ್ಫಿಯಾದ 6ನೇ, ಷಿಕಾಗೋದ 7ನೇ ಚಾನೆಲ್ಲುಗಳು ಕೆಳಗಿನ ತರಂಗಾಂತರಗಳ ಪಟ್ಟಿಯಾದ ವಿಎಚ್‌ಎಫ್‌ನಲ್ಲೇ ಉಳಿದು, ನಗರದ ಮನೆಗಳಲ್ಲೇ ಸರಿಯಾಗಿ ಬರದಾದವು. ಕೊನೆಗೆ ಕೇಂದ್ರಗಳೇ ಪ್ರಸಾರದ ಶಕ್ತಿ ಹೆಚ್ಚಿಸಬೇಕಾಯಿತು. ನೋಡುಗರ ಸೋಮಾರಿತನ ಇದರಲ್ಲಿ ಎಲ್ಲಿದೆ, ನನಗಂತೂ ಕಾಣದು.

ಬ್ರಿಟನ್ನಿನಲ್ಲಿ ತೊಡಕು ಬೇರೆಯದು. ಅನಲಾಗ್‌ಗೆ ಅಡ್ಡಿಯಾಗಬಾರದೆಂದು ಡಿಜಿಟಲ್ ಪ್ರಸಾರವನ್ನು ಕಡಿಮೆ ಶಕ್ತಿಯಲ್ಲೇ ಇಟ್ಟಿದ್ದರು. ಹಾಗಾಗಿ ಅದು ಮುಟ್ಟುತ್ತಿದ್ದದ್ದು ನಾಲ್ಕರಲ್ಲಿ ಮೂರು ಪಾಲಿನಷ್ಟು ಮನೆಗಳಿಗೆ ಮಾತ್ರ. ಡಿಜಿಟಲ್ ಬರದೆ ಜನ ಬಾಕ್ಸ್ ಕೊಳ್ಳರು, ಅನಲಾಗ್ ನಿಲ್ಲದೆ ಡಿಜಿಟಲ್ ಬರದು. ಹಳೆಯದನ್ನು ನಿಲ್ಲಿಸಿದರೆ ಹೊಸದು ಸುಧಾರಿಸುತ್ತದೆ ಎಂಬ ನಿಮ್ಮ ವಾದಕ್ಕೆ ಇಲ್ಲಿ ಬಲವಿದೆ, ಇಲ್ಲವೆನ್ನಲಾರೆ. ಆದರೆ ಅವರು 2007ರಲ್ಲಿ ವೈಟ್‌ಹೇವನ್ ಎಂಬ ಪುಟ್ಟ ಪಟ್ಟಣದಿಂದ ಶುರುಮಾಡಿ, ಪ್ರದೇಶದಿಂದ ಪ್ರದೇಶಕ್ಕೆ ನಡೆದು, ಮುಗಿಸಿದ್ದು 2012ರ ಅಕ್ಟೋಬರಿನಲ್ಲಿ. ಯಾರನ್ನೂ ಸೋಮಾರಿ ಎಂದು ಬೈದು ಆದ ಕೆಲಸವಲ್ಲ ಅದು. ಅಷ್ಟಾದರೂ ಮುಟ್ಟಿದ್ದು 98.5 ಪ್ರತಿಶತ ಮನೆಗಳನ್ನು. ಉಳಿದ ಒಂದೂವರೆಯನ್ನು ವರದಿ ಬರೆಯುವವರು ಸಲೀಸಾಗಿ ದಾಟಿ ಹೋಗುತ್ತಾರೆ, ಅಲ್ಲಿ ವಾಸಿಸುವವರು ಎಲ್ಲಿಗೆ ದಾಟಬೇಕು?

ದುಡ್ಡಿನ ಮಾತನ್ನೂ ಆಡಿಬಿಡುತ್ತೇನೆ. ಹೀಗೆ ತೆರವಾಗಲಿದ್ದ ತರಂಗಾಂತರವನ್ನು ಅಮೆರಿಕ 2008ರಲ್ಲೇ ಹರಾಜು ಹಾಕಿ ಸುಮಾರು 1,900 ಕೋಟಿ ಡಾಲರ್ ಎಣಿಸಿಕೊಂಡಿತು. ನೋಡುಗರಿಗೆ ಕೊಟ್ಟದ್ದು 40 ಡಾಲರಿನ ಕೂಪನ್, ಅದೂ ಬಾಕ್ಸಿಗೆ ಮಾತ್ರ. ಆಂಟೆನಾ ನಿಮ್ಮ ಖರ್ಚು. 2009ರ ಆರಂಭದಲ್ಲಿ ಕೂಪನ್ನಿನ ಹಣವೂ ಸಾಲದೆ ಜನ ಸರದಿ ಕಾದರು, ಫೆಬ್ರವರಿ 17ರ ಗಡುವು ಜೂನ್‌ಗೆ ಹೋಯಿತು. ಗಡುವು ಮುಂದೆ ಹೋದದ್ದು ಯಾರ ಸೋಮಾರಿತನದಿಂದ, ನೀವೇ ಹೇಳಿ.

ಟಿವಿಯೊಂದರ ಕಥೆಯಲ್ಲ ಇದು. ನಾರ್ವೆ 2017ರಲ್ಲಿ ರಾಷ್ಟ್ರೀಯ ಎಫ್‌ಎಂ ಜಾಲಗಳನ್ನು ನಿಲ್ಲಿಸಿ ಡಿಜಿಟಲ್ ರೇಡಿಯೊಗೆ ಹೋದಾಗ ಕಾರುಗಳಲ್ಲಿದ್ದ ಎಷ್ಟೋ ಹಳೆಯ ರೇಡಿಯೊಗಳಲ್ಲಿ ಆ ವಾಹಿನಿಗಳು ಮೂಕವಾದವು. ಟಿಕೆಟ್ ಕಿಟಕಿ, ಬ್ಯಾಂಕಿನ ಕೌಂಟರು, ಕಾಗದದ ಅರ್ಜಿ, ಎಲ್ಲದಕ್ಕೂ ಹೀಗೇ. ಹೊಸದು ತಲುಪಿತೇ ಎಂದು ವಿಚಾರಿಸುವ ಮೊದಲೇ ಹಳೆಯದಕ್ಕೆ ಬೀಗ, ಕೇಳಿದವನಿಗೆ ಹಳಬ ಎಂಬ ಬಿರುದು.

ಈಗ ನಿಮ್ಮ ಅತ್ತೆಯವರ ವಿಷಯ. ಬೂಸ್ಟರಿಗೆ ಅವಸರ ಬೇಡ, ಅದು ಸಿಗ್ನಲ್ ಜೊತೆ ಗದ್ದಲವನ್ನೂ ಹಿಗ್ಗಿಸುತ್ತದೆ. ಪ್ರಸಾರ ಗೋಪುರ ಹತ್ತಿರವಿದ್ದರೆ ಟಿವಿಯೊಳಗೆ ಸಿಗ್ನಲ್ ಹಿಡಿಯುವ ಟ್ಯೂನರ್ ತಡೆಯಲಾರದೆ ಬರುತ್ತಿರುವುದೂ ಹೋದೀತು. ಮೂರೂ ಒಟ್ಟಿಗೆ ಹೋಗಿದ್ದರೆ ಒಂದೇ ತರಂಗಾಂತರದಲ್ಲಿ ಬರುತ್ತಿದ್ದಿರಬಹುದು, ಮೊದಲು ಟಿವಿಯಲ್ಲಿ ಚಾನೆಲ್ಲುಗಳನ್ನು ಮತ್ತೆ ಹುಡುಕಿಸುವ ರೀಸ್ಕ್ಯಾನ್ ಮಾಡಿಸಿ. ಆಂಟೆನಾ ವಿಎಚ್‌ಎಫ್ ಹಿಡಿಯುವಂಥದೇ ನೋಡಿ. ಕೇಬಲ್ ತುಂಬ ಉದ್ದವಿದ್ದರೆ ಮಾತ್ರ ಬೂಸ್ಟರ್, ಅದೂ ಆಂಟೆನಾದ ಬುಡದಲ್ಲೇ, ಟಿವಿಯ ಹಿಂದೆ ಅಲ್ಲ. ಆಗಲೂ ಬರದಿದ್ದರೆ ಪ್ರಸಾರ ಕೇಂದ್ರಕ್ಕೆ ಒಂದು ದೂರು ಬರೆಯಲು ಅವರಿಗೆ ಹೇಳಿ. ಅದರ ಪ್ರತಿ ನನಗೆ ಕಳಿಸಿದರೆ ಒಂದಕ್ಷರ ಬಿಡದೆ ಅಚ್ಚು ಹಾಕುತ್ತೇನೆ.