ಲಂಗರು ಹಾಕಿದಾಗ ಜನರೇಟರ್‌ನಿಂದ ಬ್ಯಾಟರಿ ಚಾರ್ಜಿಂಗ್: ಪ್ರತಿಕ್ರಿಯೆ

ಮಲ್ಪೆ ಹತ್ತಿರ ಲಂಗರು ಹಾಕಿದಾಗ ಜನರೇಟರ್‌ನ 12 ವೋಲ್ಟ್ ಸಾಕೆಟ್‌ನಿಂದ 200 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಮಾಡಿದರೆ ದಿನವಿಡೀ ಹಿಡಿಯುತ್ತದೆ ಅಂದಿರಲ್ಲ, ತಪ್ಪು ಬ್ಯಾಟರಿಯದ್ದಲ್ಲ. ಚಿಕ್ಕ ಜನರೇಟರ್‌ಗಳಲ್ಲಿ ಆ ಸಾಕೆಟ್ ಕೊಡುವುದೇ ಸುಮಾರು 8 ಆಂಪಿಯರ್. ಅರ್ಧ ಖಾಲಿಯಾಗಿದ್ದರೆ 12 ಗಂಟೆಗೂ ಜಾಸ್ತಿ ಬೇಕು, ಸುಮ್ನೆ ಪೆಟ್ರೋಲ್ ದಂಡ.

230 ವೋಲ್ಟ್ ಸಾಕೆಟ್‌ಗೆ 40 ಆಂಪಿಯರ್‌ನ ಒಳ್ಳೆಯ ಮೂರು ಹಂತದ ಚಾರ್ಜರ್ (ಬ್ಯಾಟರಿ ತುಂಬುತ್ತಾ ಬಂದಂತೆ ಚಾರ್ಜಿಂಗನ್ನು ತಾನೇ ಹಂತ ಹಂತವಾಗಿ ಬದಲಿಸುವಂಥದ್ದು) ಹಾಕಿ. 2 ಕಿಲೋವ್ಯಾಟ್ ಜನರೇಟರ್ ಅದನ್ನು ಆರಾಮವಾಗಿ ಎಳೆಯುತ್ತದೆ. ಅರ್ಧದಿಂದ 80% ತನಕ ಒಂದೂವರೆ-ಎರಡು ಗಂಟೆ ಸಾಕು. ಆಮೇಲೆ ಬ್ಯಾಟರಿಯೇ ಕರೆಂಟ್ ಕಡಿಮೆ ತೆಗೆದುಕೊಳ್ಳುತ್ತದೆ, ಹಾಗಾಗಿ ಕೊನೆಯ 20%ಕ್ಕೆ ಜನರೇಟರ್ ಓಡಿಸಬೇಡಿ, 100 ವ್ಯಾಟ್‌ನ ಒಂದು ಸೋಲಾರ್ ಪ್ಯಾನೆಲ್ ನಿಧಾನವಾಗಿ ತುಂಬಿಸಲಿ.

ಇನ್ನೊಂದು ಮಾತು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮಳೆ ಬಂತು ಅಂತ ಜನರೇಟರನ್ನು ಕ್ಯಾಬಿನ್ ಒಳಗೆ ಇಡಲೇಬೇಡಿ. ಅದರ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮಲಗಿದವರು ಏಳುವುದಿಲ್ಲ. ಲಂಗರಿನಲ್ಲಿ ದೋಣಿ ಸಾಮಾನ್ಯವಾಗಿ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ ಅಲ್ವಾ, ಅದಕ್ಕೇ ಜನರೇಟರ್ ಹಿಂಭಾಗದಲ್ಲಿರಲಿ, ಹೊಗೆ ಹೊರಗೆ ಹೋಗಲಿ. ಆದರೂ ಹೊಗೆ ಸುತ್ತಿ ಒಳಗೆ ಬರಬಹುದು, ಕ್ಯಾಬಿನ್‌ನಲ್ಲಿ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಪೆಟ್ರೋಲ್ ತುಂಬಿಸುವುದು ಎಂಜಿನ್ ತಣ್ಣಗಾದ ಮೇಲೆಯೇ. ಅದರ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ, ಒಂದು ಕಿಡಿ ಸಾಕು.