ಓದುಗರ ಪ್ರಶ್ನೆ: ಹೆಬ್ಬಾಳದ ಮೂವತ್ತು ಎಕರೆ

ಪ್ರಶ್ನೆ: ಪಿಸಿಎಂಬಿ ತೆಗೆದುಕೊಂಡು ಈ ವರ್ಷ ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ (ಗಾಂಧಿ ಕೃಷಿ ವಿಜ್ಞಾನ ಕೇಂದ್ರ) ಬಿ.ಎಸ್ಸಿ. ಕೃಷಿ ಓದುವ ಆಸೆ. ಅಮೆರಿಕದಲ್ಲಿರುವ ನಮ್ಮ ಸೋದರಮಾವ, ‘ಅದು ಇಲ್ಲಿಯ ಲ್ಯಾಂಡ್ ಗ್ರಾಂಟ್ ವಿಶ್ವವಿದ್ಯಾಲಯಗಳ ಮಾದರಿಯದು, ಸೇರಿಕೋ’ ಎನ್ನುತ್ತಾರೆ. ಅಪ್ಪನಿಗೆ ಮಾತ್ರ, ‘ಮಣ್ಣು ಹೊರುವುದಕ್ಕೂ ಪದವಿ ಬೇಕೇ’ ಎಂಬ ತಾತ್ಸಾರ. ಲ್ಯಾಂಡ್ ಗ್ರಾಂಟ್ ಎಂದರೇನು ಮೇಡಂ? ಮೂರನೇ ಮಹಡಿಯ ಮನೆಯಲ್ಲಿ ಬೆಳೆದ ನನಗೆ ಈ ಓದು ಒಗ್ಗುತ್ತದೆಯೇ?
– ಒಬ್ಬ ವಿದ್ಯಾರ್ಥಿನಿ, ರಾಜಾಜಿನಗರ

ಉತ್ತರ: ನಿನ್ನ ವಯಸ್ಸಿನ ಮೊಮ್ಮಗಳಿದ್ದಾಳೆ ನನಗೆ. ಏಕವಚನದಲ್ಲೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನಿನ್ನ ಮಾವ ಹೇಳಿದ್ದು ಸರಿ. 1862ರಲ್ಲಿ, ಅಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗಲೇ, ಅಧ್ಯಕ್ಷ ಲಿಂಕನ್ ಮೊರಿಲ್ ಕಾಯ್ದೆಗೆ ಸಹಿ ಹಾಕಿದರು. ಸಂಸತ್ತಿನಲ್ಲಿ ಒಂದು ರಾಜ್ಯಕ್ಕೆ ಎಷ್ಟು ಸದಸ್ಯರೋ, ತಲೆಗೆ 30,000 ಎಕರೆಯಂತೆ ಅಷ್ಟು ಸರ್ಕಾರಿ ಜಮೀನು ಆ ರಾಜ್ಯಕ್ಕೆ. ಲ್ಯಾಂಡ್ ಗ್ರಾಂಟ್ ಎಂದರೆ ಇದೇ. ಅಲ್ಲೇ ಕಾಲೇಜು ಕಟ್ಟಿ ಎಂದಲ್ಲ. ಜಮೀನು ಮಾರಿ, ಬಂದ ಹಣವನ್ನು ಇಡುಗಂಟಾಗಿಸಿ, ಅದರ ಬಡ್ಡಿಯಲ್ಲಿ ದುಡಿಯುವವರ ಮಕ್ಕಳಿಗೆ ಕೃಷಿ ಮತ್ತು ಯಂತ್ರವಿದ್ಯೆ ಕಲಿಸಿ ಎಂದು. ಆ ನೆಲದ ಬಹುಪಾಲು ಮೂಲನಿವಾಸಿಗಳ ಕೈಯಿಂದ ಕಿತ್ತುಕೊಂಡದ್ದು. ಈ ಮಾತನ್ನು ಮಾವ ಹೇಳಿದ್ದಾರೋ ಇಲ್ಲವೋ. 1887ರ ಕಾಯ್ದೆಯಿಂದ ಪ್ರಯೋಗ ಕೇಂದ್ರಗಳು ಬಂದವು, 1914ರ ಇನ್ನೊಂದರಿಂದ ವಿಸ್ತರಣಾ ಸೇವೆ. ಪಾಠ, ಸಂಶೋಧನೆ, ಕಂಡುಕೊಂಡದ್ದನ್ನು ರೈತನ ಹೊಲದ ತನಕ ಒಯ್ಯುವುದು, ಮೂರೂ ಒಂದೇ ಸಂಸ್ಥೆಯ ಹೆಗಲಿಗೆ ಬಿದ್ದವು. ನಾನು ಮೂವತ್ತು ವರ್ಷ ಪಾಠ ಮಾಡಿದ್ದು ಈ ಮೂರನೆಯದನ್ನೇ. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತವಿದ್ದರೆ ಕ್ಷಮಿಸು.

ನಮ್ಮ ದೇಶದಲ್ಲಿ ಈ ಮಾದರಿಯ ಮೊದಲ ವಿಶ್ವವಿದ್ಯಾಲಯ 1960ರಲ್ಲಿ, ಈಗಿನ ಉತ್ತರಾಖಂಡದ ಪಂತನಗರದಲ್ಲಿ ಆಯಿತು. ಬೆಂಗಳೂರಿನದು 1964ರದು, ಟೆನೆಸಿ ವಿಶ್ವವಿದ್ಯಾಲಯದವರ ನೆರವು ಅದಕ್ಕೆ ಸಿಕ್ಕಿತು. ಆದರೆ ಅಮೆರಿಕದವರು ಇತ್ತ ಬರುವುದಕ್ಕೆ ಎಷ್ಟೋ ಮುಂಚೆ, 1899ರಲ್ಲಿ, ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನೂ 50,000 ರೂಪಾಯಿಯನ್ನೂ ಪ್ರಯೋಗ ಕ್ಷೇತ್ರಕ್ಕೆಂದು ಕೊಟ್ಟಿದ್ದರು. ನನ್ನ ಮಟ್ಟಿಗೆ ನಮ್ಮ ಲ್ಯಾಂಡ್ ಗ್ರಾಂಟ್ ಅದೇ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ವಾಹನ ನಿಂತಾಗ, ಆ 30 ಎಕರೆಗೆ ಇವತ್ತು ಚದರಡಿ ಲೆಕ್ಕದಲ್ಲಿ ಎಷ್ಟಾಗುತ್ತದೆ ಎಂದು ನಿನ್ನ ಅಪ್ಪನನ್ನು ಕೇಳು. ಹೇಗೂ ಬೇಕಾದಷ್ಟು ಸಮಯ ಸಿಗುತ್ತದೆ. ಬಳ್ಳಾರಿ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಸಿಗುವ ಜಿಕೆವಿಕೆ ಸುಮಾರು 1,300 ಎಕರೆ. ಇಂದಿರಾ ಗಾಂಧಿ 1969ರಲ್ಲಿ ಅಡಿಗಲ್ಲು ಹಾಕಿದ್ದು.

ಒಗ್ಗುತ್ತದೆಯೇ ಎಂದು ಕೇಳಿದ್ದೀಯ. ನಾನೂ ಬಸವನಗುಡಿಯ ವಠಾರದ ಹುಡುಗಿ. ಎಪ್ಪತ್ತರ ದಶಕದಲ್ಲಿ ಹೆಬ್ಬಾಳಕ್ಕೆ ಸೇರಿದಾಗ ರಾಗಿಯನ್ನು ಕಂಡದ್ದು ಹಿಟ್ಟಿನ ಡಬ್ಬಿಯಲ್ಲಿ ಮಾತ್ರ. ಮೊದಲ ಮಳೆಗಾಲದಲ್ಲಿ ನಮ್ಮ ತಂಡಕ್ಕೆ ರಾಗಿ ತಾಕಿನಲ್ಲಿ ಕಳೆ ಕೀಳುವ ಕೆಲಸ ಬಿತ್ತು. ಒಂದು ಸಾಲು ಮುಗಿಸಿ ಹೆಮ್ಮೆಯಿಂದ ಎದ್ದು ನಿಂತೆ. ಪಕ್ಕದ ಸಾಲಿನಲ್ಲಿದ್ದ ಹೆಂಗಸು ನನ್ನ ಗುಡ್ಡೆಯನ್ನು ಕುಡುಗೋಲಿನ ತುದಿಯಿಂದ ಕೆದಕಿ, ‘ಅವ್ವಾ, ಇದು ರಾಗಿ’ ಎಂದಳು. ಕಾಡು ರಾಗಿ ಎಂಬ ಕಳೆ ಎಳೆಯದಾಗಿದ್ದಾಗ ಥೇಟು ರಾಗಿಯ ಹಾಗೆಯೇ ಇರುತ್ತದೆ. ಬುಡ ನೋಡಬೇಕು: ಕಳೆಯದು ಚಪ್ಪಟೆ, ಬೆಳ್ಳಗೆ, ನೆಲಕ್ಕೆ ಒರಗಿ ಸುತ್ತಲೂ ಹರಡುತ್ತದೆ, ಕಿತ್ತರೆ ಸುಲಭಕ್ಕೆ ಬರುವುದಿಲ್ಲ. ರಾಗಿ ನೆಟ್ಟಗೆ ನಿಲ್ಲುತ್ತದೆ. ನನಗೆ ಸಲೀಸಾಗಿ ಬಂದದ್ದೆಲ್ಲ ರಾಗಿಯೇ. ಆ ಹೆಂಗಸಿನಿಂದ ಎರಡು ವಾರದಲ್ಲಿ ಕಲಿತದ್ದನ್ನು ಸಸ್ಯಶಾಸ್ತ್ರದ ಪುಸ್ತಕದಲ್ಲಿ ಆಮೇಲೆ ಓದಿದೆ. ಆದ್ದರಿಂದ ಮಹಡಿಯ ಚಿಂತೆ ಬಿಡು. ಬೆಳಗ್ಗೆ ಬೇಗ ಏಳುವುದಕ್ಕೆ ಆಗುತ್ತದೆಯೇ, ಅದನ್ನು ಹೇಳು.

ಸಂಶೋಧನೆ ಎಂದರೆ ಬಿಳಿ ಕೋಟು, ಗಾಜಿನ ಕೊಳವೆ ಎಂದುಕೊಂಡಿದ್ದರೆ ರಾಗಿಯ ಕಥೆ ಕೇಳು. ರಾಗಿಯ ಹೂವು ತೀರಾ ಪುಟ್ಟದು; ಅರಳುವುದು ನಡುರಾತ್ರಿ ಕಳೆದ ಮೇಲೆ, ತನ್ನ ಪರಾಗವನ್ನು ತಾನೇ ಮೆತ್ತಿಕೊಂಡು ಮುಗಿಸುತ್ತದೆ. ಎರಡು ತಳಿ ಕೂಡಿಸುವುದು ಅಸಾಧ್ಯವೆಂಬಷ್ಟು ಕಷ್ಟ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ‘ಇಂಡಾಫ್’ ತಳಿಗಳನ್ನು ತಂದರು. ‘ರಾಗಿ ಬ್ರಹ್ಮ’ ಎಂದು ಜನ ಕರೆದದ್ದು ಸುಮ್ಮನೆಯಲ್ಲ. ಬೆಂಕಿ ರೋಗ ತಡೆಯುವ ಜಿಪಿಯು-28 ರಾಗಿ ತಳಿ ಜಿಕೆವಿಕೆಯದು. ವರ್ಷವಿಡೀ ಕಾಯಿ ಬಿಡುವ ಹೆಬ್ಬಾಳ ಅವರೆಯೂ ಇಲ್ಲಿಯದೇ. ಅದರಲ್ಲಿ ಮಾಗಿಯ ಅವರೆಯ ಸೊಗಡಿಲ್ಲ ಎಂದು ನಮ್ಮ ಮನೆಯಲ್ಲೇ ದೂರು. ನಿಜ, ಇಲ್ಲ. ಆದರೆ ಆಗಸ್ಟಿನಲ್ಲಿ ಹುಳಿಗೆ ಅವರೆಕಾಳು ಸಿಗುವುದು ಅದರಿಂದಲೇ.

ಓದು ನಾಲ್ಕು ವರ್ಷ. ನೀನು ಬರೆದಿರುವ ಸಿಇಟಿಯ ರ‍್ಯಾಂಕ್ ಮೇಲೆ ಸೀಟು. ಕೃಷಿಕರ ಮಕ್ಕಳ ಕೋಟಾ ಬೇರೆ ಇದೆ. ಅವರಿಗೆ ಬೀಜ, ಗೊಬ್ಬರ, ಸಲಕರಣೆ ಗುರುತಿಸುವ ಪ್ರಾಯೋಗಿಕ ಪರೀಕ್ಷೆ. ಷರತ್ತುಗಳನ್ನು ಪರೀಕ್ಷಾ ಪ್ರಾಧಿಕಾರದ ಈ ವರ್ಷದ ಪುಸ್ತಿಕೆಯಲ್ಲೇ ಓದು, ಪಕ್ಕದ ಮನೆಯವರನ್ನು ಕೇಳಬೇಡ. ಜಿಕೆವಿಕೆ ಸಿಗದಿದ್ದರೆ ಮಂಡ್ಯ, ಹಾಸನದಲ್ಲೂ ಕೃಷಿ ಕಾಲೇಜುಗಳಿವೆ. ಮುಖ ಸಿಂಡರಿಸದೆ ಹೋಗು.

ಕೊನೆಯ ವರ್ಷದ ಗ್ರಾಮೀಣ ಕಾರ್ಯಾನುಭವದಲ್ಲಿ ಹಳ್ಳಿಯಲ್ಲೇ ಉಳಿಯಬೇಕು. ಗುಡಿಯ ಮುಂದಿನ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸಿ, ಕೆರೆ ನೀಲಿ, ಹೊಲ ಹಸಿರು, ರಸ್ತೆ ಬಿಳಿ ಎಂದು ತುಂಬುತ್ತಾರೆ. ಒಮ್ಮೆ ನನ್ನ ವಿದ್ಯಾರ್ಥಿಗಳು ಬಿಡಿಸಿದ್ದನ್ನು ನೋಡಿದ ಅಜ್ಜಿಯೊಬ್ಬರು ಕೋಲೂರಿಕೊಂಡು ನಕ್ಷೆಯೊಳಗೇ ನಡೆದು ಬಂದು, ಹಸಿರು ಪುಡಿಯನ್ನು ಕಾಲಿನಿಂದ ಸರಿಸಿ, ‘ಇಲ್ಲೊಂದು ಬಾವಿ ಇತ್ತು, ಮುಚ್ಚಿಬಿಟ್ಟರು’ ಎಂದರು. ಅಂಕ ಕೊಡುವ ಪುಸ್ತಕದಲ್ಲಿ ಅಜ್ಜಿಗೊಂದು ಕಾಲಂ ಇರಲಿಲ್ಲ.

ಅಪ್ಪನಿಗೆ ಹೇಳು: ಕೃಷಿ ಇಲಾಖೆ, ಬ್ಯಾಂಕಿನ ಕೃಷಿ ಅಧಿಕಾರಿ, ಬೀಜದ ಕಂಪನಿ, ಮುಂದೆ ಓದಿದರೆ ಸಂಶೋಧನೆ. ಅದಕ್ಕೂ ಒಪ್ಪದಿದ್ದರೆ, ನವೆಂಬರ್ ಹೊತ್ತಿಗೆ ನಡೆಯುವ ಕೃಷಿ ಮೇಳಕ್ಕೆ ಅವರನ್ನೂ ಕರೆದುಕೊಂಡು ಹೋಗು. ಮಳಿಗೆಗಳಲ್ಲೇ ಸುತ್ತಬೇಡಿ, ತಾಕುಗಳ ಕಡೆ ನಡೆಯಿರಿ. ದೂರದ ಊರಿಂದ ಬಂದ ರೈತ ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಊದಿ, ಬಾಯಿಗೆ ಹಾಕಿಕೊಂಡು, ಆಮೇಲೆ ವಿಜ್ಞಾನಿಯನ್ನು ಪ್ರಶ್ನೆ ಕೇಳುತ್ತಾನೆ. ಆ ಪ್ರಶ್ನೆಗಳಿಗೆ ಕಿವಿಗೊಡಿ.

ಪ್ರಶ್ನೆ: ನನಗೆ 52 ವರ್ಷ. ಪದವಿಯ ಹಂಬಲವಿಲ್ಲ. ನಮ್ಮಂಥವರಿಗೆ ಕೃಷಿ ವಿಶ್ವವಿದ್ಯಾಲಯದಲ್ಲಿ ಏನಾದರೂ ಕಲಿಯಲು ಇದೆಯೇ?
– ಗೃಹಿಣಿ, ಮಲ್ಲೇಶ್ವರ

ಉತ್ತರ: ಇದೆ. ಹೆಬ್ಬಾಳದ ಆವರಣದಲ್ಲಿ ಬೇಕರಿ ತರಬೇತಿ ಬಹಳ ವರ್ಷಗಳಿಂದ ನಡೆದುಬಂದಿದೆ, ಹೋಗಿ ವಿಚಾರಿಸಿ. ನಮ್ಮ ಎದುರು ಮನೆಯವರು ನಿಮ್ಮ ವಯಸ್ಸಿನಲ್ಲೇ ಕಲಿತರು. ಮನೆಗೆ ಬಂದು ಮಾಡಿದ ಮೊದಲ ಬ್ರೆಡ್ಡನ್ನು ಬೀದಿ ನಾಯಿ ಮೂಸಿ ನೋಡಿ ಹೋಗಿತ್ತು. ಈಗ ಅವರ ರಾಗಿ ಬಿಸ್ಕತ್ತಿಗೆ ನಾನು ಶನಿವಾರವೇ ಹೇಳಿಟ್ಟಿರಬೇಕು.